ಬಗ್ಗಿ ಕೇಜ್ ಮಾಡ್ಸೋಕೆ ಹಾಸನದ ಈ ವರ್ಕ್‌ಶಾಪ್ ಸೂಪರ್, ವೈರಿಂಗ್ ಮಾತ್ರ ಬೇಡ

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ. ಸಕಲೇಶಪುರದ ಹತ್ರ ನಮ್ಮ ತೋಟದೊಳಗೆ ಓಡಿಸೋಕೆ ಹಳೇ ಮಾರುತಿ 800 ಇಂಜಿನ್ ಕೂರಿಸಿ ಎರಡು ಸೀಟಿನ ಬಗ್ಗಿ (ಬಾಡಿ ಬದಲು ಸುತ್ತ ಸ್ಟೀಲ್ ಟ್ಯೂಬಿನ ಪಂಜರ, ಅಂದ್ರೆ ಕೇಜ್ ಇರೋ ಸಣ್ಣ ಗಾಡಿ) ಮಾಡೋಣ ಅಂತ ನಾನೂ ನನ್ನ ತಮ್ಮನೂ ಡ್ರಾಯಿಂಗ್ ಹಾಕ್ಕೊಂಡಿದ್ವಿ, ಟ್ಯೂಬ್ ಬೆಂಡಿಂಗ್, ವೆಲ್ಡಿಂಗ್, ಫಿಟ್ಟಿಂಗ್ ಎಲ್ಲಾ ಇವರ ಹತ್ರನೇ ಮಾಡ್ಸಿದ್ದು.

ಬೇರೆ ಕಡೆ ವಿಚಾರಿಸಿದಾಗ ಎಲ್ರೂ ನೀರಿನ ಜಿಐ (ಸತು ಲೇಪಿಸಿದ) ಪೈಪಲ್ಲೇ ಮಾಡ್ಕೊಡ್ತೀವಿ ಸಾರ್, ಗಟ್ಟಿ ಇರುತ್ತೆ ಅಂದ್ರು. ಇಲ್ಲಿ ಯಜಮಾನ್ರು ಆ ಮಾತೇ ಎತ್ತೋಕೆ ಬಿಡ್ಲಿಲ್ಲ. ಜಿಐ ಮೇಲಿನ ಸತು ಬೆಂಕಿಗೆ ಹೊಗೆಯಾಗುತ್ತೆ, ವೆಲ್ಡರ್ ಎದೆಗೂ ಕೆಟ್ಟದು, ವೆಲ್ಡ್ ಒಳಗೂ ಗುಳ್ಳೆ ನಿಲ್ಲುತ್ತೆ, ಅದು ನೀರು ಹರಿಯೋ ಪೈಪು ಗಾಡಿ ಪಲ್ಟಿಯಾದಾಗ ಭಾರ ಹೊರೋದಲ್ಲ ಅಂತ ಹೇಳಿ ಉದ್ದಕ್ಕೂ ಬೆಸುಗೆ ಇಲ್ಲದ ಸೀಮ್‌ಲೆಸ್ ಟ್ಯೂಬೇ ತರ್ಸಿದ್ರು. ಇಂಜಿನಿಯರಿಂಗ್ ಹುಡುಗ್ರು ಬಾಹಾ ಕಾಂಪಿಟಿಷನ್‌ಗೆ ಮಾಡೋ ಬಗ್ಗಿಯಲ್ಲಿ ಮೇನ್ ಟ್ಯೂಬ್ 25.4 ಎಂಎಂ ವ್ಯಾಸ, 3 ಎಂಎಂ ದಪ್ಪ, ಕಾರ್ಬನ್ ಕಡಿಮೆ ಅಂದ್ರೂ 0.18 ಪರ್ಸೆಂಟ್ ಇರ್ಬೇಕು ಅಂತ ರೂಲ್ ಇದೆ. ಅದು ಒಂದೇ ಸೀಟಿನ ಸಣ್ಣ ಇಂಜಿನ್ ಗಾಡಿ, ನಿಮ್ದು ಇಬ್ರು ಕೂತು 796 ಸಿಸಿ ಇಂಜಿನ್ ಹೊರೋ ಗಾಡಿ ಅಂತ ಇವ್ರು 38 ಎಂಎಂ ವ್ಯಾಸದ ಟ್ಯೂಬ್ ಹಾಕಿದ್ರು, ಸರಿಯಾದ ಲೆಕ್ಕಾನೇ.

ನನಗೆ ತುಂಬಾ ಹಿಡಿಸಿದ್ದು ಏನಂದ್ರೆ, ಒಂದು ಟ್ಯೂಬ್ ಬಗ್ಗಿಸೋಕೆ ಮುಂಚೆ ಸೀಟುಗಳನ್ನ ನೆಲದ ಮೇಲೆ ಇಟ್ಟು, ನಮ್ಮಲ್ಲಿ ಎತ್ತರ ಇರೋ ತಮ್ಮನನ್ನ ಹೆಲ್ಮೆಟ್ ಹಾಕ್ಸಿ ಬೆಲ್ಟ್ ಬಿಗಿದು ಕೂರ್ಸಿ ಅಳತೆ ತಗೊಂಡ್ರು. ಹೆಲ್ಮೆಟ್ಟಿಗೂ ಟ್ಯೂಬಿಗೂ ಮಧ್ಯ ಆರು ಇಂಚು ಜಾಗ ಇರ್ಲೇಬೇಕು ಅಂತ ಹಟ. ಹಂಗೆ ಮಾಡಿದ್ರೆ ಕೇಜ್ ಎತ್ತರ ಆಗಿ ಗಾಡಿ ಮಗುಚೋ ಸ್ವಭಾವ ಜಾಸ್ತಿ ಆಗುತ್ತಲ್ಲ ಅಂದಿದ್ದಕ್ಕೆ ಸೀಟನ್ನೇ ಫ್ಲೋರ್ ಟ್ಯೂಬ್‌ಗಳ ನಡುವೆ ಇಳಿಸಿದ್ರು. ಭುಜದ ಬೆಲ್ಟ್ ಕಟ್ಟೋ ಅಡ್ಡ ಟ್ಯೂಬ್ ಕೂಡ ಭುಜದ ಮಟ್ಟಕ್ಕೇ ಬಂದಿದೆ, ಅದನ್ನ ನೆಲಕ್ಕೆ ಕಟ್ಟಿದ್ರೆ ಢಿಕ್ಕಿಯಾದಾಗ ಬೆನ್ನುಮೂಳೆಯನ್ನ ಕೆಳಗೆ ಒತ್ತಿಬಿಡುತ್ತೆ, ತುಂಬಾ ಜನ ಇದನ್ನ ನೋಡೋದೇ ಇಲ್ಲ.

ಬೆಂಡ್‌ಗಳಲ್ಲಿ ಎಲ್ಲೂ ಸುಕ್ಕಿಲ್ಲ, ಚಪ್ಪಟೆ ಆಗಿಲ್ಲ. ಟ್ಯೂಬಿಗೆ ಟ್ಯೂಬ್ ಸೇರೋ ಕಡೆ ಮೀನಿನ ಬಾಯಿ ಥರ ಕೊರೆದು ಪಕ್ಕಾ ಕೂರ್ಸಿದಾರೆ, ಗ್ಯಾಪ್ ಬಿಟ್ಟು ವೆಲ್ಡಲ್ಲಿ ತುಂಬಿಸೋ ಕೆಲಸ ಇಲ್ಲ. ಸೀಟಿನ ಹಿಂದೆ ಕಮಾನಿನ ಥರ ನಿಲ್ಲೋ ಹೂಪಿಗೆ ಅಡ್ಡಡ್ಡ ಓರೆ ಟ್ಯೂಬ್ ಕೊಟ್ಟು ಎಲ್ಲಾ ಕಡೆ ತ್ರಿಕೋನ ಬರೋ ಹಾಗೆ ಮಾಡಿದಾರೆ. ಅದೇ ಟ್ಯೂಬಿನ ತುಂಡುಗಳನ್ನ ವೆಲ್ಡ್ ಮಾಡಿ ನಮ್ಮ ಮುಂದೇನೇ ಸುತ್ತಿಗೆಯಲ್ಲಿ ಹೊಡೆದು ತೋರ್ಸಿದ್ರು, ಟ್ಯೂಬ್ ಬಾಗ್ತು ವೆಲ್ಡ್ ಬಿಡ್ಲಿಲ್ಲ.

ಮಾರುತಿ ಇಂಜಿನ್ ಗೇರ್‌ಬಾಕ್ಸ್ ಸಮೇತ ಹಿಂದಕ್ಕೆ ಹೋದಾಗ ಅದರ ಸ್ಟೀರಿಂಗ್ ನಕಲ್ (ಚಕ್ರ ಎಡಕ್ಕೆ ಬಲಕ್ಕೆ ತಿರುಗೋಕೆ ಬಿಡೋ ಭಾಗ) ಕೂಡ ಹಿಂದಿನ ಚಕ್ರಕ್ಕೇ ಬರುತ್ತೆ, ಅದು ಅಲ್ಲಾಡಿದ್ರೆ ಸ್ಪೀಡಲ್ಲಿ ಹಿಂದಿನ ಚಕ್ರ ತಾನೇ ತಿರುಗಿ ಗಾಡಿ ಎಲ್ಲಿಗೋ ಹೋಗುತ್ತೆ. ಇವ್ರು ಒಳ್ಳೆ ರಾಡ್ ಎಂಡ್ (ರಾಡಿನ ತುದಿಯ ಗುಂಡಿನ ಜಾಯಿಂಟ್), ಗಟ್ಟಿಯಾದ 8.8 ಗ್ರೇಡ್ ಬೋಲ್ಟ್, ಸಡಿಲ ಆಗದ ನೈಲಾಕ್ ನಟ್ ಹಾಕಿ ಲಾಕ್ ಮಾಡಿದಾರೆ, ಮಳೆಗಾಲದ ಕೆಸರಲ್ಲಿ ಓಡಿಸಿ ನೋಡಿದ್ರೂ ಎಳ್ಳಷ್ಟು ಪ್ಲೇ, ಅಂದ್ರೆ ಸಡಿಲ ಬಂದಿಲ್ಲ. ಬ್ರೇಕ್ ಮುಂದೆ ಹಿಂದೆ ಬೇರೆ ಬೇರೆ ಸರ್ಕ್ಯೂಟ್, ಒಂದು ಕಡೆ ಲೀಕಾದ್ರೂ ಇನ್ನೊಂದು ಹಿಡಿಯುತ್ತೆ.

ಒಂದು ಸ್ಟಾರ್ ಕಟ್ ಮಾಡಿದ್ದು ವೈರಿಂಗಿಗೆ. ಮೇನ್ ವೈರಿಗೆ ಫ್ಯೂಸೇ ಇರ್ಲಿಲ್ಲ, ಸೈಲೆನ್ಸರ್ ಪಕ್ಕದಲ್ಲೇ ಎಳ್ದಿದ್ರು, ಇಂಜಿನ್ ತಕ್ಷಣ ಆಫ್ ಮಾಡೋ ಕಿಲ್ ಸ್ವಿಚ್ ಡ್ಯಾಶಿನ ಅಡಿಗೆ ಇಟ್ಟಿದ್ರು. ಗಾಡಿ ತಲೆಕೆಳಗಾಗಿ ಬೆಲ್ಟಲ್ಲಿ ನೇತಾಡ್ತಿರೋನಿಗೆ ಅದು ಹೆಂಗೆ ಎಟಕುತ್ತೆ ಹೇಳಿ? ಪೆಟ್ರೋಲ್ ಇರೋ ಗಾಡೀಲಿ ಇದು ಸಣ್ಣ ವಿಷಯ ಅಲ್ವೇ ಅಲ್ಲ. ತಲೆ ಹತ್ರ ಸುತ್ತೋಕೆ ಎಸಿ ಪೈಪಿನ ಮೆತ್ತನೆ ಫೋಮ್ ಕೊಟ್ಟಿದ್ರು, ಅದೂ ಸಾಲದು, ಗಟ್ಟಿ ಫೋಮೇ ಬೇಕು. ಹೇಳಿದ ಟೈಮಿಗೆ ಗಾಡಿ ಕೊಡಲ್ಲ, ಫೋನ್ ಎತ್ತೋದೂ ಕಷ್ಟ, ಆದ್ರೆ ಬಿಲ್ಲಲ್ಲಿ ಎಲ್ಲಾ ಬಿಡಿಬಿಡಿಯಾಗಿ ಬರೆದು ಕೊಡ್ತಾರೆ.

ಇಂಥ ಗಾಡಿ ರೋಡಿಗೆ ಇಳಿಸೋ ಹಾಗಿಲ್ಲ, ಆರ್‌ಟಿಓ ರಿಜಿಸ್ಟ್ರೇಷನ್ ಮಾಡಿಸ್ಕೊಡ್ತೀನಿ ಅಂತ ಇವ್ರು ಸುಳ್ಳೂ ಹೇಳಲ್ಲ. ಮಾಡಿಸೋರು ಕೇಜ್, ಸಸ್ಪೆನ್ಷನ್, ಬ್ರೇಕ್ ಇಲ್ಲಿ ಮಾಡ್ಸಿ, ವೈರಿಂಗ್ ಬೇರೆ ಆಟೋ ಎಲೆಕ್ಟ್ರಿಷಿಯನ್‌ಗೆ ಕೊಡಿ, ಕಿಲ್ ಸ್ವಿಚ್ ಎರಡು ಹಾಕ್ಸಿ, ಒಂದು ಡ್ರೈವರ್ ಕೈಗೆ, ಇನ್ನೊಂದು ಹೊರಗಿಂದ ಬಂದೋರಿಗೆ ಕಾಣೋ ಹಾಗೆ.