‘ಕೈ ಪಾಲಿಶ್’ ಅಂತ ದುಡ್ಡು ತಗೊಂಡು ಸ್ಪ್ರೇ ಹೊಡೆದು ಕಳಿಸಿದರು: ಮನೆಯಲ್ಲಿ ಹಳೇ ಬೀಟೆ ಸಾಮಾನು ಇರುವವರು ಓದಿ

ಹಳೇ ಮರದ ಸಾಮಾನು ಪಾಲಿಶ್‌ಗೆ ಕೊಡಬೇಕು ಅಂತಿರುವವರು ದಯವಿಟ್ಟು ಪೂರ್ತಿ ಓದಿ. ಅಂಗಡಿ ಹೆಸರು ಹಾಕುತ್ತಿಲ್ಲ, ದೂರು ಕೊಟ್ಟಿದ್ದೀನಿ, ಅದಿನ್ನೂ ನಡೀತಿದೆ. ಬೆಂಗಳೂರಿನ ಅಂಗಡಿ ಅಂತ ಮಾತ್ರ ಹೇಳ್ತೀನಿ.

ನಮ್ಮಜ್ಜನ ಬರೆಯುವ ಮೇಜು ಅದು. ತೀರ್ಥಹಳ್ಳಿ ಮನೆಯದು. ಗಟ್ಟಿ ಬೀಟೆ, ಹಿತ್ತಾಳೆ ಹಿಡಿಯ ಡ್ರಾಯರ್, ಅಂಚಿನುದ್ದಕ್ಕೂ ಸಣ್ಣ ಮಣಿ ಕೆತ್ತನೆ. ಪಾಲಿಶ್ ಅಲ್ಲಲ್ಲಿ ಮಂಕಾಗಿತ್ತು, ಬಿಸಿ ಲೋಟ ಇಟ್ಟ ಬಿಳಿ ಗುರುತುಗಳಿದ್ದವು. ಅಷ್ಟೇ. ಮರಕ್ಕೆ ಏನೂ ಆಗಿರಲಿಲ್ಲ. ಮೊದಲಿಂದ ಇದ್ದದ್ದು ಅರಗಿನ ಪಾಲಿಶ್. ಸ್ಪಿರಿಟ್ ಪಾಲಿಶ್, ಫ್ರೆಂಚ್ ಪಾಲಿಶ್ ಅಂತಾರಲ್ಲ, ಅದೇ. ಊರಲ್ಲಿ ಆಚಾರ್ರು ಜಗಲಿಯಲ್ಲಿ ಕೂತು ಮಾಡುತ್ತಿದ್ದರು. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ನೆನೆಸಿ ಕರಗಿಸಿ ಸೋಸೋದು, ಹತ್ತಿ ಉಂಡೆಯನ್ನು ಹಳೇ ಪಂಚೆ ತುಂಡಲ್ಲಿ ಕಟ್ಟಿ ಅದರಲ್ಲಿ ಅದ್ದೋದು, ಅಂಟದೆ ಇರಲಿ ಅಂತ ಒಂದು ತೊಟ್ಟು ಎಣ್ಣೆ ಮುಟ್ಟಿಸಿ ಸುತ್ತು ಸುತ್ತಾಗಿ ಉಜ್ಜೋದು. ಒಣಗಿದ ಮೇಲೆ ಮತ್ತೆ ಉಜ್ಜೋದು. ತೆಳುವಾಗಿ, ಒಂದರ ಮೇಲೊಂದು. ದಿನಗಟ್ಟಲೆ ಹಿಡಿಯುವ ಕೆಲಸ. ಹಾಗಾಗಿ ರೇಟು ಜಾಸ್ತಿ ಅನ್ನೋದು ಗೊತ್ತಿದ್ದೇ ಹೋಗಿದ್ದು ನಾನು.

ಅಂಗಡಿಯವರೇ ಎರಡು ರೇಟು ಹೇಳಿದರು. ಸ್ಪ್ರೇ ಆದ್ರೆ 9,000. ಕೈ ಪಾಲಿಶ್ ಆದ್ರೆ 18,000. ಕೈ ಪಾಲಿಶೇ ಬೇಕು ಅಂದೆ. ಕೌಂಟರ್ ಮೇಲಿದ್ದ ಭರಣಿ ಮುಚ್ಚಳ ತೆಗೆದು ಅರಗಿನ ಚಕ್ಕೆ ತೋರಿಸಿದರು. “ಚನ್ನಪಟ್ಟಣದ ಬೊಂಬೆ ನೋಡಿದೀರಲ್ಲ ಮೇಡಂ, ಅದಕ್ಕೆ ಹಚ್ಚೋದೂ ಅರಗೇ. ಜಾರ್ಖಂಡ್ ಕಡೆಯಿಂದ ಬರುತ್ತೆ, ಒರಿಜಿನಲ್.” ಮಾತೆಲ್ಲ ಸರಿಯಾಗಿಯೇ ಇತ್ತು. ಅರಗು ಜಾಸ್ತಿ ಬೆಳೆಯೋದು ಅಲ್ಲೇ. 10,000 ಅಡ್ವಾನ್ಸ್ ಕೊಟ್ಟೆ. ಚೀಟಿಯಲ್ಲಿ ಬರೆದದ್ದು ‘ಟೇಬಲ್ ಪಾಲಿಶ್ – 1’. ಅಷ್ಟೇ!

ಆಮೇಲೆ ವಾಟ್ಸಾಪ್‌ಗೆ ಒಂದು ವಿಡಿಯೋ ಬಂತು. ಯಾರೋ ಹುಡುಗ ಬಟ್ಟೆ ಉಂಡೆ ಹಿಡಿದು ಮರ ಉಜ್ಜುತ್ತಿದ್ದಾನೆ. ಕೆಳಗೆ, “ನಿಮ್ಮ ಕೆಲಸ ನಡೀತಿದೆ ಮೇಡಂ 🙏”. ಖುಷಿಯಾಗಿ ಅದನ್ನು ಮನೆ ಗ್ರೂಪಿಗೂ ಹಾಕಿದ್ದೆ. ಜೋರು ಮಳೆ ದಿನಗಳು ಬೇರೆ. ಆ ಥಂಡಿಯಲ್ಲಿ ಸ್ಪಿರಿಟ್ ಪಾಲಿಶ್ ಬೆಳ್ಳಗೆ ಮಂಜು ಕಟ್ಟುತ್ತೆ, ನಿಧಾನ ಮಾಡಿ ಪರವಾಗಿಲ್ಲ ಅಂತ ನಾನೇ ಹೇಳಿದ್ದೆ. ಅವರು ಒಂದೇ ವಾರದಲ್ಲಿ ರೆಡಿ ಅಂದರು.

ಮೇಜು ಬಂದಾಗ ಕತ್ತಲಾಗಿತ್ತು. ಸುತ್ತ ಕಂಬಳಿ, ಹೊರಗೆ ಟೆಂಪೋದವನ ಹಾರ್ನ್. ಉಳಿದ 8,000 ಇಸ್ಕೊಂಡು ಹೊರಟೇಬಿಟ್ಟರು.

ಗಣೇಶನ ಹಬ್ಬಕ್ಕೆ ಮನೆ ತುಂಬ ನೆಂಟರು. ಎಲ್ಲರಿಗೂ ನಾನು ದೊಡ್ಡದಾಗಿ ಹೇಳಿದ್ದೇ ಹೇಳಿದ್ದು, ಕೈಯಲ್ಲೇ ಉಜ್ಜಿದ್ದು, ಹಳೇ ಕಾಲದ ಪಾಲಿಶು ಅಂತ. ಚಿಕ್ಕಪ್ಪ ಮೇಜಿನ ಮೇಲೆ ಕೈ ಆಡಿಸಿದರು, ಉಗುರಿನಲ್ಲಿ ಟಕ್ ಟಕ್ ಅಂತ ಬಡಿದರು. “ಎಂತದೇ ಇದು, ಪ್ಲಾಸ್ಟಿಕ್ ಹೊದಿಸಿದ ಹಾಗಿದ್ಯಲ್ಲೇ!” ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಧಸಕ್ ಅಂತು.

ನೆಂಟರು ಹೋದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಹಿತ್ತಾಳೆ ಬೀಗದ ತಟ್ಟೆ ಮೇಲೂ ಪಾಲಿಶ್. ಡ್ರಾಯರ್ ಒಳಬದಿಗೆ ಸ್ಪ್ರೇ ಹಾರಿ ಕೂತ ಸಣ್ಣ ಸಣ್ಣ ಹನಿ. ಕೀಲಿ ತೂತಲ್ಲೂ ಅದೇ, ಕೀಲಿ ಹೋಗೋದೇ ಇಲ್ಲ. ಮೆಷಿನ್ ಹಾಕಿ ಉಜ್ಜಿ ಅಂಚಿನ ಮಣಿ ಕೆತ್ತನೆ ಅರ್ಧ ಸವೆದಿದೆ. ಬೀಟೆಯ ಕಪ್ಪು ಗೆರೆ ಕಾಣದ ಹಾಗೆ ಮೇಲೆ ಸ್ಟೈನರ್, ಅಂದ್ರೆ ಮರಕ್ಕೆ ಹಚ್ಚುವ ಬಣ್ಣ, ಬಳಿದಿದ್ದಾರೆ. ಒಂದು ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಹಾಕಿ ಒತ್ತಿ ಹಿಡಿದೆ. ಅರಗಾದರೆ ಮೆತ್ತಗಾಗಿ ಅಂಟಬೇಕು, ಹತ್ತಿಗೆ ಕಂದು ಬಣ್ಣ ಬರಬೇಕು. ಏನೂ ಇಲ್ಲ. ಅದೇ ಹತ್ತಿಯನ್ನು ಕಾಲಿನ ಹಿಂಬದಿಗೆ, ಇವರ ಸ್ಪ್ರೇ ಗನ್ ತಲುಪದ ಜಾಗಕ್ಕೆ ಒತ್ತಿದೆ. ತಕ್ಷಣ ಅಂಟಿತು, ಕಂದು ಬಂತು. ಅಂದ್ರೆ ಮೇಲೆ ಇರೋದು ಪಿಯು, ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ಥರದ ಪಾಲಿಶ್. 9,000ದ ಕೆಲಸಕ್ಕೆ 18,000 ಕಿತ್ತುಕೊಂಡಿದ್ದಾರೆ.

ಆಗ ವಿಡಿಯೋ ಮತ್ತೆ ತೆಗೆದು ನೋಡಿದೆ. ಅದರಲ್ಲಿರೋ ಡ್ರಾಯರ್‌ಗೆ ದುಂಡನೆ ಮರದ ಗುಬುಟು. ನಮ್ಮದಕ್ಕೆ ಹಿತ್ತಾಳೆ ಹಿಡಿ. ನಮ್ಮ ಮೇಜೇ ಅಲ್ಲ ಅದು!

ಫೋನ್ ಮಾಡಿದೆ. ಅವರ ಉತ್ತರ ಇದ್ದ ಹಾಗೇ ಹಾಕ್ತೀನಿ.

“ಅದು ಸ್ಯಾಂಪಲ್ ವಿಡಿಯೋ ಮೇಡಂ.”

“ಪಿಯು ಅದಕ್ಕಿಂತ ಗಟ್ಟಿ. ಬಿಸಿ ಲೋಟ ಇಟ್ರೂ ಏನೂ ಆಗಲ್ಲ. ನಿಮಗೇ ಲಾಭ ಅಲ್ವಾ?”

ನಾನು ಕೈ ಪಾಲಿಶ್‌ಗೆ ತಾನೇ ದುಡ್ಡು ಕೊಟ್ಟಿದ್ದು ಅಂದ್ರೆ, “ಗನ್ ಹಿಡಿದಿದ್ದೂ ಕೈಯಲ್ಲೇ ಅಲ್ವಾ ಮೇಡಂ.” ಹೇಳಿ ನಗೋದು ಬೇರೆ.

ಆಮೇಲೆ, “ನಿಮ್ಮ ಯಜಮಾನರಿಗೆ ಫೋನ್ ಕೊಡಿ, ಅವರಿಗೆ ಅರ್ಥ ಆಗುತ್ತೆ.” ನನ್ನ ಅಜ್ಜನ ಮೇಜು, ನನ್ನ ದುಡ್ಡು. ಯಜಮಾನರಿಗೆ ಯಾಕೆ ಕೊಡಬೇಕು?

ಪಿಯು ಗಟ್ಟಿ ಅನ್ನೋದು ಸುಳ್ಳಲ್ಲ. ದಿನಾ ಊಟ ಮಾಡುವ ಹೊಸ ಟೇಬಲ್‌ಗೆ ಹೊಡೆಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಅರಗಿನ ಪಾಲಿಶ್‌ಗೆ ಗೀರು ಬಿದ್ರೆ, ಬಿಳಿ ಗುರುತಾದ್ರೆ, ಆ ಜಾಗಕ್ಕಷ್ಟೇ ಸ್ಪಿರಿಟ್ ಉಂಡೆ ಆಡಿಸಿ ಸರಿ ಮಾಡಬಹುದು. ಹಳೇದು ಕರಗಿ ಹೊಸದರ ಜೊತೆ ಸೇರಿಕೊಳ್ಳುತ್ತೆ. ಪಿಯು ಹಾಗೆ ಸೇರಲ್ಲ, ಕೆರೆದೇ ತೆಗೆಯಬೇಕು. ಅದೂ ಕೆಳಗೆ ಹಳೇ ಅರಗು, ಮೇಣ ಉಳಿದಿದ್ರೆ ಸರಿಯಾಗಿ ಹಿಡಿಯೋದೂ ಇಲ್ಲ. ನಮ್ಮ ಮೇಜಿನ ಒಂದು ಕಾಲಲ್ಲಿ ಆಗಲೇ ಸಿಪ್ಪೆ ಏಳ್ತಿದೆ.

ನೀವು ಕೊಡೋದಾದ್ರೆ ಚೀಟಿಯಲ್ಲೇ ಬರೆಸಿಕೊಳ್ಳಿ: ಅರಗಿನ ಸ್ಪಿರಿಟ್ ಪಾಲಿಶ್, ಬಟ್ಟೆ ಉಂಡೆಯಲ್ಲಿ, ಸ್ಪ್ರೇ ಇಲ್ಲ, ಮೆಷಿನ್ ಇಲ್ಲ. ಬರೆಯಲ್ಲ ಅಂದ್ರೆ ಎದ್ದು ಬನ್ನಿ. ಆದಷ್ಟೂ ಮನೆಗೇ ಕರೆಸಿ ಮಾಡಿಸಿ. ಕಾಣದ ಜಾಗದಲ್ಲಿ ಹತ್ತಿ-ಸ್ಪಿರಿಟ್ ಒತ್ತಿ ನೋಡೋವರೆಗೂ ಉಳಿದ ದುಡ್ಡು ಕೊಡಲೇಬೇಡಿ, ಟೆಂಪೋದವನು ಎಷ್ಟಾದ್ರೂ ಹಾರ್ನ್ ಹೊಡೀಲಿ. ಭರಣಿ ತೋರಿಸಿದ್ರೆ ಮರುಳಾಗಬೇಡಿ. ಆ ಭರಣಿ ಈಗಲೂ ಕೌಂಟರ್ ಮೇಲೇ ಇದೆ, ತುಂಬಿಕೊಂಡೇ ಇದೆ.

1915ಕ್ಕೆ, ಅಂದ್ರೆ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೀನಿ. ಅಲ್ಲಿ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಅಲ್ಲಿ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು. ವಿಡಿಯೋ, ಮೆಸೇಜು, ದುಡ್ಡು ಕೊಟ್ಟ ದಾಖಲೆ ಎಲ್ಲ ಇಟ್ಟುಕೊಂಡಿದ್ದೀನಿ.

ದೂರು ಹೋದ ವಿಷಯ ಗೊತ್ತಾದ ಮೇಲೆ ಅವರಿಂದ ಒಂದು ಮೆಸೇಜ್ ಬಂತು: “ಕೋಪ ಮಾಡ್ಕೋಬೇಡಿ ಮೇಡಂ. ಮೇಜು ಕಳಿಸಿ, ಪಿಯು ಕೆರೆದು ಒರಿಜಿನಲ್ ಕೈ ಪಾಲಿಶ್ ಮಾಡಿಕೊಡ್ತೀವಿ. ನಿಮಗೋಸ್ಕರ ಬರೀ 15,000.”

ಅದಕ್ಕೆ ನಾನು ಬರೆದ ಉತ್ತರ ಇಲ್ಲಿ ಹಾಕುವ ಹಾಗಿಲ್ಲ.