ಎರೆಮಣ್ಣಿನ ಗಟ್ಟಿ ಲಾನ್: ಮರಳೋ, ಜಿಪ್ಸಮ್ಮೋ, ತೂತೋ, ಅಗೆತವೋ?

ಹುಬ್ಬಳ್ಳಿ-ಧಾರವಾಡದ ಹೊಸ ಬಡಾವಣೆಗಳಲ್ಲಿ ಕೆಟ್ಟ ಲಾನ್‌ಗಳ ಹಣೆಬರಹ ಬಹುತೇಕ ಒಂದೇ. ಮನೆ ಕಟ್ಟುವಾಗ ಜಲ್ಲಿ ಲಾರಿ, ಜೆಸಿಬಿ ಓಡಾಡಿ ತುಳಿದ ಎರೆಮಣ್ಣು. ಅದರ ಮೇಲೆ ಎರಡು-ಮೂರು ಇಂಚು ಕೆಮ್ಮಣ್ಣು ಹರವಿ ಮೆಕ್ಸಿಕನ್ ಹುಲ್ಲು ಹಾಸಿರುತ್ತಾರೆ. ಮೊದಲ ವರ್ಷ ಹಸಿರು. ಆಮೇಲೆ ಮಳೆಗಾಲದಲ್ಲಿ ನೀರು ನಿಂತು ಹಳದಿ, ಪಾಚಿ, ಜೇಕು, ಬೇಸಿಗೆಯಲ್ಲಿ ಬಿರುಕು. ಹಳದಿ ಕಂಡ ಕೂಡಲೇ ಯೂರಿಯಾ ಎರಚುವುದು ವಾಡಿಕೆ. ಆದರೆ ಇಲ್ಲಿ ಕೊರತೆಯಾಗಿರುವುದು ಬೇರಿಗೆ ಗಾಳಿ. ಇಂಥ ಲಾನನ್ನು ಪಟ್ಟಿಗಳಾಗಿ ಹಂಚಿ, ಒಂದೊಂದರಲ್ಲಿ ಒಂದೊಂದು ಉಪಾಯ ಮಾಡಿ, ಎಲ್ಲಕ್ಕೂ ಒಂದೇ ನೀರು, ಒಂದೇ ಎತ್ತರದ ಕಟಾವು ಇಟ್ಟು ಹೋಲಿಸಿದಾಗ ಕಂಡದ್ದು ಇದು.

ಮರಳು ಎಲ್ಲಕ್ಕಿಂತ ಜನಪ್ರಿಯ, ಫಲ ಎಲ್ಲಕ್ಕಿಂತ ಕಡಿಮೆ. ಜೇಡಿಯ ಗುಣ ಬದಲಾಗಬೇಕಾದರೆ ಮಣ್ಣಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಮರಳೇ ಇರಬೇಕು. ನೂರು ಚದರಡಿಯಲ್ಲಿ 15 ಸೆಂ.ಮೀ. ಆಳಕ್ಕೆ ಲೆಕ್ಕ ಹಾಕಿದರೆ ಸುಮಾರು ಒಂದು ಘನ ಮೀಟರ್ ಮರಳು. ಒಂದೆರಡು ಬುಟ್ಟಿ ಬೆರೆಸಿದರೆ ಜೇಡಿಯು ಮರಳಿನ ಸಂದುಗಳನ್ನೆಲ್ಲ ತುಂಬಿ, ಒಣಗಿದಾಗ ಇಟ್ಟಿಗೆಯೇ ಸರಿ. ಮೇಲೆ ಹರವಿದ್ದು ಬೇಸಿಗೆಯ ಬಿರುಕಿನೊಳಗೆ ಉದುರಿಹೋಗುತ್ತದೆ. ತೊಳೆಯದ ಎಂ-ಸ್ಯಾಂಡ್, ಕ್ರಷರ್ ಪುಡಿ ಇನ್ನೂ ಕೆಟ್ಟವು. ಅವುಗಳ ನುಣುಪು ಹಿಟ್ಟು ಇದ್ದ ಸಂದನ್ನೂ ಮುಚ್ಚುತ್ತದೆ.

ಜಿಪ್ಸಮ್ ಒಳ್ಳೆಯ ಮದ್ದು, ಆದರೆ ರೋಗ ಬೇರೆ. ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂ ಅನ್ನು ತನ್ನ ಕ್ಯಾಲ್ಸಿಯಂನಿಂದ ತಳ್ಳಿಹಾಕುವುದು ಅದರ ಕೆಲಸ. ಧಾರವಾಡ ಸೀಮೆಯ ಎರೆಯಲ್ಲಿ ಸುಣ್ಣದ ಹರಳು, ಅಂದರೆ ಕ್ಯಾಲ್ಸಿಯಂ, ಮೊದಲೇ ಇರುತ್ತದೆ. ಸೋಡಿಯಂ ಇಲ್ಲದ ಕಡೆ ಜಿಪ್ಸಮ್ ಹಾಕಿದರೆ ದುಡ್ಡು ದಂಡ. ತಿಳಿಯುವುದು ಸುಲಭ: ಒಣಗಿದ ಮಣ್ಣಿನ ಕಡಲೆ ಗಾತ್ರದ ಹೆಂಟೆಯೊಂದನ್ನು ಮಳೆನೀರಿನ ಲೋಟದಲ್ಲಿ ಅಲುಗಿಸದೆ ಬಿಡಿ. ಕುಸಿದು ಪುಡಿಯಾದರೂ ನೀರು ತಿಳಿಯಾಗಿದ್ದರೆ ಜಿಪ್ಸಮ್ ಬೇಡ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿ ಮರುದಿನವೂ ತಿಳಿಯಾಗದಿದ್ದರೆ ಸೋಡಿಯಂ ಇದೆ ಎಂದೇ ಲೆಕ್ಕ. ಆಗ ಚದರ ಮೀಟರಿಗೆ ಅರ್ಧ ಕೆ.ಜಿ. ಹಾಕಿ, ಚೆನ್ನಾಗಿ ನೀರು ಕೊಡಿ. ನೀರು ಹೊರಹೋಗಲು ದಾರಿ ಇರದಿದ್ದರೆ ಸೋಡಿಯಂ ಅಲ್ಲೇ ಉಳಿಯುತ್ತದೆ. ಮಲಪ್ರಭಾ, ತುಂಗಭದ್ರಾ ಕಾಲುವೆ ಪಕ್ಕದ ಸವುಳು ನೆಲದವರು ಈ ಪರೀಕ್ಷೆ ಬಿಡಬಾರದು.

ಇನ್ನು ತೂತು. ಇದರಲ್ಲಿ ಎರಡು ಬಗೆ. ಫೋರ್ಕ್ ಅಗ್ಗ: 10-15 ಸೆಂ.ಮೀ. ಇಳಿಸಿ, ಹಿಡಿಯನ್ನು ತುಸು ಹಿಂದಕ್ಕೆ ಬಾಗಿಸಿ ನೆಲ ಬಿರಿಯುವಷ್ಟು ಎತ್ತಬೇಕು, ತಿರುವಬಾರದು. ತೊಂದರೆ ಏನೆಂದರೆ ಗಟ್ಟಿ ಹಲ್ಲು ಮಣ್ಣನ್ನು ತೆಗೆಯುವುದಿಲ್ಲ, ಪಕ್ಕಕ್ಕೆ ಒತ್ತುತ್ತದೆ. ಹಸಿ ಇರುವಾಗ ಚುಚ್ಚಿದರೆ ತೂತಿನ ಗೋಡೆ ಒರೆಸಿದಂತೆ ಹೊಳೆಯುತ್ತದೆ, ಎರೆ ಉಬ್ಬಿದಾಗ ಮುಚ್ಚಿಕೊಳ್ಳುತ್ತದೆ. ಮರದ ಬೇರಿನ ನಡುವೆ, ಅಂಚುಗಳಲ್ಲಿ ಸಾಕು.

ಟೊಳ್ಳು ಹಲ್ಲಿನ ಏರೇಟರ್ ಮಣ್ಣನ್ನೇ ಕಿತ್ತು ತೆಗೆಯುತ್ತದೆ. ನಮ್ಮ ಮತ ಇದಕ್ಕೇ. ಕಾಲಲ್ಲಿ ತುಳಿಯುವ ಸಾಧನವಾದರೂ ನಡೆಯುತ್ತದೆ. ಜೂನ್-ಜುಲೈ, ಹುಲ್ಲು ಚಿಗುರುವ ಕಾಲ, ಮಣ್ಣು ಹದಕ್ಕೆ ಬಂದ ದಿನ ನೋಡಿ: ಉಂಡೆ ಕಟ್ಟಿ ಹೆಬ್ಬೆರಳಿಂದ ಒತ್ತಿದರೆ ಒಡೆಯಬೇಕು. ಚಪ್ಪಟೆಯಾದರೆ ಕಾಯಿರಿ. ಕೈಯಳತೆಯ ಅಂತರದಲ್ಲಿ ನಾಲ್ಕು ತೂತು ಹೊಡೆದು ಬಿಟ್ಟರೆ ಏನೂ ಪ್ರಯೋಜನವಾಗದು. 8-10 ಸೆಂ.ಮೀ. ಆಳ, ಅಷ್ಟೇ ಅಂತರ, ಅಂದರೆ ಚದರ ಮೀಟರಿಗೆ 100ರಿಂದ 150 ತೂತು ಬೇಕು. ಹೊರಬಂದ ಉರುಳೆಯನ್ನು ಕೈಯಲ್ಲಿ ಮುರಿದು ನೋಡಿದರೆ ಲಾನಿನ ಕಾಯಿಲೆಯೆಲ್ಲ ಅದರಲ್ಲೇ ಇದೆ: ಮೇಲೆ ಕೆಂಪು ಮಣ್ಣು, ಅದು ಮುಗಿದಲ್ಲಿ ಬೇರು ಅಡ್ಡ ತಿರುಗಿ ಚಾಪೆಯಾಗಿರುತ್ತದೆ, ಕೆಳಗೆ ಬೂದುಬಣ್ಣದ, ಹುಳಿತ ವಾಸನೆಯ ಜೇಡಿ. ಉರುಳೆಗಳನ್ನು ಗುಡಿಸಿ ತೆಗೆಯಿರಿ, ಜರಡಿ ಹಿಡಿದ ಎರೆಹುಳು ಗೊಬ್ಬರವನ್ನು 5 ಮಿ.ಮೀ. ಹರವಿ ಕಸಬರಿಗೆಯಿಂದ ತೂತಿಗೆ ಇಳಿಸಿ. ನೂರು ಚದರಡಿಗೆ 15 ಲೀಟರಿನ ಮೂರು ಬಕೆಟ್ ಬೇಕು. ಅರೆಕಳಿತ ಕೊಟ್ಟಿಗೆ ಗೊಬ್ಬರ ಬೇಡ, ಅದರ ಜೊತೆ ಕಳೆಯ ಬೀಜವೂ ಬರುತ್ತದೆ. ಮೂರು ಮಳೆಗಾಲವಾದರೂ ಇದನ್ನು ಮುಂದುವರಿಸಬೇಕು. ಏಪ್ರಿಲ್-ಮೇನಲ್ಲಿ ಬಿರುಕು ಬಿಟ್ಟಾಗ ಅದರೊಳಗೂ ಇದೇ ಗೊಬ್ಬರ ಗುಡಿಸಿಬಿಡಿ. ಯಾವ ಯಂತ್ರವೂ ಇಳಿಯದ ಆಳಕ್ಕೆ ಪುಕ್ಕಟೆ ದಾರಿ.

ಪೂರ್ತಿ ಅಗೆದು ಮರುಹಾಸುವುದು ಮೂರೇ ಕಾರಣಕ್ಕೆ: ಅಡಿಯಲ್ಲಿ ಸಿಮೆಂಟ್ ಚೂರು, ಇಟ್ಟಿಗೆ ತುಂಬಿದ್ದರೆ, ಇಳಿಜಾರು ಮನೆಯ ಕಡೆಗಿದ್ದರೆ, ಒಂದಡಿ ಆಳದ ಗುಂಡಿಗೆ ಎರಡನೇ ಸಲ ತುಂಬಿದ ನೀರು ಗಂಟೆಗೆ ಒಂದು ಸೆಂ.ಮೀ. ಕೂಡ ಇಳಿಯದಿದ್ದರೆ. ಪಿಕಾಸಿಯಿಂದ 20 ಸೆಂ.ಮೀ. ಸಡಿಲಿಸಿ, ಕೆಂಪು ಪದರವನ್ನು ಎರೆಯೊಂದಿಗೆ ಕಲಸಿ, 4-5 ಸೆಂ.ಮೀ. ದಪ್ಪ ಗೊಬ್ಬರ ಸೇರಿಸಿ, ಮೀಟರಿಗೆ 1-2 ಸೆಂ.ಮೀ. ಇಳಿಜಾರು ಕೊಡಿ. ರೋಟವೇಟರ್ ಬೇಡ, ಅದರ ಬ್ಲೇಡ್ ಓಡಿದ ಆಳದಲ್ಲಿ ಹೊಸ ಗಟ್ಟಿ ಪದರ ಕೂರುತ್ತದೆ. ಜೇಕಿನ ಗಡ್ಡೆಗಳನ್ನು ಕೈಯಿಂದಲೇ ಆರಿಸಬೇಕು. ಗಡ್ಡೆಗಳ ಸರಪಳಿ ಕಡಿದು ಚೆದುರಿದ ಒಂದೊಂದು ಗಡ್ಡೆಯೂ ಮತ್ತೆ ಮೊಳೆಯುತ್ತದೆ. ಮಣ್ಣು ನೀರುಂಡು ಕೂತ ಮೇಲೆ, ಎರಡು-ಮೂರು ವಾರ ಬಿಟ್ಟು ನೆಡಿ.

ಹುಲ್ಲಿನ ಮಾತು ಬಂದರೆ, ದಿನಕ್ಕೆ ಆರು ಗಂಟೆ ಬಿಸಿಲಿರುವ ಎರೆಯಲ್ಲಿ ಮೆಕ್ಸಿಕನ್‌ಗಿಂತ ಗರಿಕೆಯೇ ಮೇಲು. ಬೋಳಾದ ಜಾಗಕ್ಕೆ ತಾನೇ ಹಬ್ಬುತ್ತದೆ, ತುಳಿತ ತಾಳುತ್ತದೆ. ವಾರಕ್ಕೊಮ್ಮೆ ಕತ್ತರಿಸುವ ರಗಳೆ ಮಾತ್ರ ಇದೆ. ಮೆಕ್ಸಿಕನ್ ನೋಡಲು ಚೆಂದ, ಸತ್ತ ಜಾಗ ತುಂಬಲು ತಿಂಗಳುಗಟ್ಟಲೆ ಬೇಕು. ಯಾವುದೇ ಇರಲಿ, ಮಳೆ ನಿಂತ ಮರುದಿನ ರೋಲರ್ ಎಳೆಯುವ ಮಾಲಿಯನ್ನು ತಡೆಯಿರಿ. ಗೇಟಿನಿಂದ ಬಾಗಿಲಿಗೆ ದಿನವೂ ನಡೆಯುವ ಜಾಗದಲ್ಲಿ ಹುಲ್ಲಿನ ಹಟ ಬಿಟ್ಟು, ಒಂದು ಹೆಜ್ಜೆಗೊಂದರಂತೆ ಶಹಾಬಾದ್ ಕಲ್ಲು ಕೂರಿಸಿ.