ಸ್ಪೈಡರ್ ಎಕ್ಸ್ ಪ್ರೊ: ಕುಂಬಳೆಯ ಸ್ಟುಡಿಯೋದಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಮಾನಿಟರ್ ಕ್ಯಾಲಿಬ್ರೇಟರ್, ಅಂದರೆ ಸ್ಕ್ರೀನಿನ ಬಣ್ಣ, ಬೆಳಕು ಅಳೆದು ಸರಿ ಮಾಡುವ ಸಾಧನ, ತಗೊಳ್ಳಬೇಕಾ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಪ್ರಿಂಟ್ ಹಾಕಿಸುವವರಾದರೆ ತಗೊಳ್ಳಿ. ಬರೀ ಇನ್‌ಸ್ಟಾಗ್ರಾಂಗೆ ಹಾಕುವವರಾದರೆ ಆ ದುಡ್ಡು ಒಳ್ಳೆ ಲೆನ್ಸ್‌ಗೆ ಇರಲಿ.

ನನ್ನ ಹತ್ತಿರ ಇರುವುದು ಡೇಟಾಕಲರ್ ಕಂಪನಿಯ ಸ್ಪೈಡರ್ ಎಕ್ಸ್ ಪ್ರೊ, 2019ರ ಮಾಡೆಲ್. ಈಗ ಹೊಸತು ಬಂದಿದೆ, ಆದರೂ ನನ್ನ ಕೆಲಸಕ್ಕೆ ಇದು ಸಾಕು. ಯುಎಸ್‌ಬಿಗೆ ಸಿಕ್ಕಿಸಿ ಮಾನಿಟರ್ ಮೇಲೆ ಇಳಿಬಿಟ್ಟರೆ ಒಂದೆರಡು ನಿಮಿಷದಲ್ಲಿ ಅಳತೆ ಮುಗಿಯುತ್ತದೆ. ಒಳಗೆ ಲೆನ್ಸ್ ಇದೆ. ನಮ್ಮ ಮಳೆಗಾಲದ ಬೂಸಲು ಗೊತ್ತಲ್ವಾ, ಕ್ಯಾಮೆರಾ ಲೆನ್ಸ್‌ಗಳ ಜೊತೆ ಡ್ರೈ ಬಾಕ್ಸ್‌ನಲ್ಲೇ ಇಡುತ್ತೇನೆ.

ಹೆಚ್ಚು ಉಪಕಾರ ಆದದ್ದು ಬ್ರೈಟ್ನೆಸ್ ವಿಷಯದಲ್ಲಿ. "ಸ್ಕ್ರೀನಲ್ಲಿ ಚಂದ ಇತ್ತು, ಆಲ್ಬಂನಲ್ಲಿ ಕಪ್ಪಾಗಿದೆ" ಅನ್ನುವ ದೂರು ಕೇಳದ ಸ್ಟುಡಿಯೋ ಇಲ್ಲ. ಹೊಸ ಮಾನಿಟರ್ 250, 300 ನಿಟ್ಸ್‌ನಲ್ಲಿ (ನಿಟ್ಸ್ ಅಂದರೆ ಸ್ಕ್ರೀನಿನ ಬೆಳಕಿನ ಅಳತೆ) ಉರಿಯುತ್ತಿರುತ್ತದೆ. ಅದನ್ನು ನೋಡಿ ಎಡಿಟ್ ಮಾಡಿದರೆ ಫೋಟೋಗೆ ಬೆಳಕು ಸಾಕು ಅನಿಸುತ್ತದೆ. ಕಾಗದಕ್ಕೆ ಸ್ವಂತ ಬೆಳಕು ಎಲ್ಲಿದೆ? ನಾನು ಡಿಸ್‌ಪ್ಲೇಕ್ಯಾಲ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಬೆಳಕು 100 ನಿಟ್ಸ್, ಬಿಳಿಯ ಬಣ್ಣ 6500 ಕೆಲ್ವಿನ್, ಗಾಮಾ (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ) 2.2 ಇಟ್ಟುಕೊಂಡಿದ್ದೇನೆ. ಮೊದಲು ಸ್ಕ್ರೀನ್ ಮಂಕಾಗಿ ಕಾಣುತ್ತದೆ, ಕಣ್ಣಿಗೆ ಬೇಗ ಅಭ್ಯಾಸ ಆಗುತ್ತದೆ. ಈಗ ಮದುಮಗಳ ಕೂದಲು, ಮದುಮಗನ ಕಪ್ಪು ಕೋಟು ಪ್ರಿಂಟ್‌ನಲ್ಲಿ ಒಂದೇ ಮುದ್ದೆಯಾಗುವುದಿಲ್ಲ.

ಆದರೆ ಇದು ಅಳೆಯುವುದು ಸ್ಕ್ರೀನನ್ನು ಮಾತ್ರ. ಪ್ರಿಂಟರ್‌ನ ಪ್ರೊಫೈಲ್, ಅಂದರೆ ಯಾವ ಕಾಗದದಲ್ಲಿ ಯಾವ ಬಣ್ಣ ಹೇಗೆ ಬರುತ್ತದೆ ಅನ್ನುವ ಫೈಲ್, ಇದರಿಂದ ಆಗುವುದಿಲ್ಲ. ಆಲ್ಬಂ ಮಾಡಿಸುವ ಮಂಗಳೂರಿನ ಲ್ಯಾಬ್‌ನಲ್ಲಿ ಕಾಗದದ ಐಸಿಸಿ ಪ್ರೊಫೈಲ್ ಕೇಳಿದರೆ "ಸುಮ್ನೆ ಜೆಪೆಗ್ ಕಳಿಸಿ ಸರ್" ಅಂದರು. ಅಂಥ ಕಡೆ ಎಸ್‌ಆರ್‌ಜಿಬಿಗೆ (ಸಾಮಾನ್ಯವಾಗಿ ಎಲ್ಲ ಕಡೆ ನಡೆಯುವ ಬಣ್ಣದ ವ್ಯಾಪ್ತಿ) ಕನ್ವರ್ಟ್ ಮಾಡಿಯೇ ಕಳಿಸಬೇಕು. ಬರೀ ಪ್ರೊಫೈಲ್‌ನ ಹೆಸರು ಬದಲಿಸುವ ಅಸೈನ್ ಮಾಡಬಾರದು, ಅದರಲ್ಲಿ ಫೈಲ್‌ನ ಅಂಕಿಗಳು ಹಾಗೇ ಉಳಿದು ಬಣ್ಣದ ಅರ್ಥ ಮಾತ್ರ ಬದಲಾಗುತ್ತದೆ. ಇನ್ನೂ ದೊಡ್ಡ ವ್ಯಾಪ್ತಿಯ ಅಡೋಬಿ ಆರ್‌ಜಿಬಿ ಫೈಲನ್ನು ಪ್ರೊಫೈಲ್ ನೋಡದ ಮೆಷಿನ್‌ಗೆ ಕೊಟ್ಟರೆ ಮುಖಗಳೆಲ್ಲ ರಕ್ತ ಇಲ್ಲದ ಹಾಗೆ ಬರುತ್ತವೆ.

ಸ್ಟುಡಿಯೋದ ಆರು ಬಣ್ಣದ ಇಂಕ್‌ಟ್ಯಾಂಕ್ ಪ್ರಿಂಟರ್‌ಗೆ ಕಾಗದದ ಕಂಪನಿಯವರ ಪ್ರೊಫೈಲನ್ನೇ ಹಾಕುತ್ತೇನೆ. ಫೋಟೋಶಾಪ್‌ಗೆ ಬಣ್ಣದ ಜವಾಬ್ದಾರಿ ಕೊಟ್ಟ ಮೇಲೆ ಪ್ರಿಂಟರ್ ಡ್ರೈವರ್‌ನ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಬಣ್ಣ ತಿದ್ದುವ ಆಯ್ಕೆ ಆಫ್ ಇರಲೇಬೇಕು. ಇಲ್ಲದಿದ್ದರೆ ಇಬ್ಬರೂ ತಿದ್ದುತ್ತಾರೆ, ಬಣ್ಣ ಎಲ್ಲಿಗೋ ಹೋಗುತ್ತದೆ.

ನಿಜವಾದ ಪರೀಕ್ಷೆ ಕಳಿಯಾಟದ, ಅಂದರೆ ತೆಯ್ಯಂ ಕುಣಿಯುವ ಉತ್ಸವದ ಫೋಟೋಗಳು. ಸೂಟೆಯ ಬೆಳಕಿನಲ್ಲಿ ತೆಯ್ಯಂನ ಕೆಂಪು, ಕಿತ್ತಳೆ ಸ್ಕ್ರೀನ್ ಮೇಲೆ ಉರಿಯುತ್ತದೆ. ಹೊಳಪಿಲ್ಲದ ಮ್ಯಾಟ್ ಕಾಗದದ ಪ್ರೊಫೈಲ್ ಹಾಕಿ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತದೆ ಅಂತ ಸ್ಕ್ರೀನಲ್ಲೇ ನೋಡುವುದು) ಮಾಡಿದರೆ ಅರ್ಧ ಬೆಂಕಿ ಅಲ್ಲೇ ಆರುತ್ತದೆ. ಆ ಕೆಂಪು ಆ ಕಾಗದಕ್ಕೆ ಬರುವುದೇ ಇಲ್ಲ. ಆಗ ಹೊಳೆಯುವ ಗ್ಲಾಸಿ ಅಥವಾ ಸ್ವಲ್ಪ ಹೊಳಪಿನ ಲಸ್ಟರ್ ಕಾಗದ ಹಿಡಿಯುತ್ತೇನೆ. ಕಾಗದಕ್ಕೆ ಬಾರದ ಬಣ್ಣವನ್ನು ಹೇಗೆ ಹೊಂದಿಸುವುದು ಅನ್ನುವ ಆಯ್ಕೆ, ರೆಂಡರಿಂಗ್ ಇಂಟೆಂಟ್, ಪರ್ಸೆಪ್ಚುವಲ್ (ಎಲ್ಲ ಬಣ್ಣವನ್ನೂ ಒಟ್ಟಿಗೆ ಕುಗ್ಗಿಸುವುದು) ಇಟ್ಟರೆ ಮುಖದ ಬಣ್ಣಗಾರಿಕೆಯ ಸಣ್ಣ ಗೆರೆಗಳು ಕೆಂಪಿನಲ್ಲಿ ಕರಗುವುದು ಕಡಿಮೆ. ಮದುವೆ ಫೋಟೋಗೆ ರಿಲೇಟಿವ್ ಕಲರಿಮೆಟ್ರಿಕ್ (ಬಾರದ ಬಣ್ಣವನ್ನು ಮಾತ್ರ ಹತ್ತಿರದ ಬಣ್ಣಕ್ಕೆ ತರುವುದು) ಮತ್ತು ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ (ಫೋಟೋದ ಕಪ್ಪನ್ನು ಕಾಗದದ ಕಪ್ಪಿಗೆ ಹೊಂದಿಸುವುದು). ಸಾಫ್ಟ್ ಪ್ರೂಫನ್ನು ನಂಬಬಹುದಾದದ್ದು ಮಾನಿಟರ್ ಅಳತೆಯಲ್ಲಿ ಇರುವುದರಿಂದಲೇ.

ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗೆ ಇದನ್ನು ತರಬೇಡಿ. ಪ್ಯಾನೆಲ್‌ನಲ್ಲೇ ಇಲ್ಲದ ಬಣ್ಣವನ್ನು ಯಾವ ಕ್ಯಾಲಿಬ್ರೇಟರ್ ಕೂಡ ತರುವುದಿಲ್ಲ. ಮೊದಲು ಎಸ್‌ಆರ್‌ಜಿಬಿ ಪೂರ್ತಿ ತೋರಿಸುವ ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಪ್ಯಾನೆಲ್) ಮಾನಿಟರ್ ತಗೊಳ್ಳಿ, ಆಮೇಲೆ ಇದು.